ಹನ್ನೊಂದು ಗಂಟೆಗೆ ಹಕ್ಕಿ ಹಾರಬೇಕು

ಹಾರುವ ಹಕ್ಕಿಯ ಫೋಟೋ ತೆಗೆಯಬೇಕಾದರೆ ಮೊದಲು ಹಕ್ಕಿ ಹಾರಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆ ದಂಡೆಗೆ ಚಳಿಗಾಲದ ಭಾನುವಾರಗಳಲ್ಲಿ ಬಂದಿಳಿಯುವ ಹೊಸ ಫೋಟೋಗ್ರಾಫರುಗಳ ದೊಡ್ಡ ತಕರಾರು ಇದೇ. ಅವರು ಬಂದಾಗ ಹಕ್ಕಿ ಹಾರುತ್ತಿರುವುದಿಲ್ಲ.

ಬರುವುದು ಎಷ್ಟೊತ್ತಿಗೆ ಅಂತೀರಿ? ಹುಬ್ಬಳ್ಳಿಯಲ್ಲಿ ಆರಾಮಾಗಿ ಎದ್ದು, ದಾರಿಯಲ್ಲಿ ಗಿರಮಿಟ್ಟು, ಮಿರ್ಚಿ, ಎರಡು ಸಲ ಚಹಾ ಮುಗಿಸಿ ಕೆರೆ ಮುಟ್ಟುವಷ್ಟರಲ್ಲಿ ಹನ್ನೊಂದು. ಚಳಿಗಾಲಕ್ಕೆ ಈ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ದಿನಚರಿಯೇ ಬೇರೆ. ಸಂಜೆ ಮತ್ತು ನಸುಕಿನಲ್ಲಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಬಿಸಿಲೇರಿದ ಮೇಲೆ ಕೆರೆಗೆ ಬಂದು ವಿಶ್ರಾಂತಿ. ಇವು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಜಾತಿ. 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಷ್ಟು ಹಾರಿ ಬಂದವಕ್ಕೆ ಮಧ್ಯಾಹ್ನ ಒಂದು ನಿದ್ದೆ ತೆಗೆಯುವ ಹಕ್ಕಿದೆ ಅಂತ ನಾನು ತಿಳಿದಿದ್ದೆ. ಇಲ್ಲವಂತೆ. "ನಾವು ಇಷ್ಟು ದೂರದಿಂದ ಬಂದೀವಿ, ಒಂದೀಟು ಹಾರಿದ್ರ ಏನಾಕ್ಕೈತಿ ಇವಕ್ಕ?" ಎಂದು ಒಬ್ಬರು ಗೊಣಗುತ್ತಿದ್ದರು. ದೂರ ಅಂದರೆ ಹುಬ್ಬಳ್ಳಿಯ ನವನಗರ.

ಈ ಸಾಹೇಬರ ತಯಾರಿ ನೋಡುವಂಥದ್ದು. ಎಲೆಬಳ್ಳಿ ಬಣ್ಣದ ಜಾಕೀಟು, ಅದೇ ಬಣ್ಣದ ಟೋಪಿ, ಲೆನ್ಸಿಗೂ ಅದೇ ಬಣ್ಣದ ಅಂಗಿ. ಹಕ್ಕಿಗೆ ಕಾಣಬಾರದಲ್ಲ! ಜಾಕೀಟಿನ ತೋಳಿನಡಿ ಅಂಗಡಿಯ ರೇಟಿನ ಚೀಟಿ ಇನ್ನೂ ನೇತಾಡುತ್ತಿತ್ತು. ಬೆನ್ನ ಹಿಂದೆ ಕೆಂಪು ಕಾರು, ನಾಲ್ಕೂ ಬಾಗಿಲು ತೆರೆದು ಡಿಜೆ ಹಾಡು. 600 ಎಂಎಂ ಲೆನ್ಸು ಕಂತಿನದು. ಕಂತು ಮುಗಿಯುವುದರೊಳಗೆ ಹೆಬ್ಬಾತು ಎಷ್ಟು ಸಲ ಹಿಮಾಲಯ ದಾಟಿರುತ್ತದೋ ದೇವರಿಗೇ ಗೊತ್ತು. ಶಟರ್ ವೇಗ, ಅಂದರೆ ಕ್ಯಾಮೆರಾ ಕಣ್ಣು ತೆರೆದಿರುವ ಹೊತ್ತು, ಮಾತ್ರ ಬಾಯಿಪಾಠ: ಸೆಕೆಂಡಿನ 2,000ದಲ್ಲಿ ಒಂದು ಭಾಗ. ಅವರ ತಾಳ್ಮೆಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನದು.

ಹಾರದಿದ್ದರೆ ಹಾರಿಸಬೇಕು, ಅಲ್ವಾ? ಮೊದಲು ಚಪ್ಪಾಳೆ. ಆಮೇಲೆ ಸಿಳ್ಳೆ. ಆಮೇಲೆ ಕಾರಿನ ಹಾರ್ನು. ಯಾವುದಕ್ಕೂ ಜಗ್ಗದಿದ್ದರೆ ದಂಡೆಯಲ್ಲಿ ಆಡುತ್ತಿರುವ ಹುಡುಗನನ್ನು ಕರೆದು, "ಏ ತಮ್ಮಾ, ಒಂದು ಕಲ್ಲು ಒಗಿ ಅತ್ತಾಗ" ಎನ್ನುವುದು. ಕಲ್ಲಿಗೆ ಹತ್ತು ರೂಪಾಯಿ. ತಾವೇ ಒಗೆದರೆ ಫೋಟೋ ತೆಗೆಯುವವರು ಯಾರು? ಅದೂ ಅಲ್ಲದೆ ಅವರು ಪರಿಸರಪ್ರೇಮಿಗಳು, ಕಾರಿನ ಹಿಂದಿನ ಗಾಜಿನ ಮೇಲೆ ಹಾಗಂತ ಬರೆದಿದೆ.

ಕಲ್ಲು ಬಿತ್ತು. ಕೆರೆಯೇ ಎದ್ದಂತೆ ಹಿಂಡು ಮೇಲೆದ್ದಿತು. ಕ್ಯಾಮೆರಾಗಳು ಟರ್ರ್ ಎಂದವು, ಸೆಕೆಂಡಿಗೆ ಇಪ್ಪತ್ತರಂತೆ. ಆಮೇಲೆ ಎಲ್ಲರೂ ಜಾಕೀಟಿನ ನೆರಳು ಮಾಡಿಕೊಂಡು ಸ್ಕ್ರೀನ್ ನೋಡಿದರು. ಬಾಲ. ಮುಂದಿನದರಲ್ಲೂ ಬಾಲ. ಸಾವಿರ ಫೋಟೋ, ಸಾವಿರ ಬಾಲ. ಹಕ್ಕಿಯ ಕಣ್ಣು ಹುಡುಕಿ ಫೋಕಸ್ ಮಾಡುವ ಕ್ಯಾಮೆರಾ ಬಂದು ವರ್ಷಗಳಾದವು. ಆದರೆ ಕಣ್ಣು ಇತ್ತ ಇದ್ದರೆ ತಾನೇ! ಕಲ್ಲು ಎಲ್ಲಿಂದ ಬಂತೋ ಅದರ ವಿರುದ್ಧ ದಿಕ್ಕಿಗೆ ಹಕ್ಕಿ ಓಡುತ್ತದೆ. ಇದನ್ನು ಕಲಿಯಲು ವರ್ಕ್‌ಶಾಪ್ ಬೇಕಿಲ್ಲ. ನಮ್ಮ ಮೇಲೆ ಯಾರಾದರೂ ಕಲ್ಲು ಒಗೆದರೆ ನಾವೂ ಅವರಿಗೆ ಮುಖ ತೋರಿಸಿ ಪೋಸು ಕೊಡುವುದಿಲ್ಲ.

ಸುಮ್ನೆ ಕೂತರೆ ಕೆಲಸ ಆಗುತ್ತದೆ ಎನ್ನುವುದೇ ತಮಾಷೆ. ದೊಡ್ಡ ಹಕ್ಕಿಗಳು ಗಾಳಿಗೆ ಎದುರಾಗಿ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಗಾಳಿಯೂ ಸೂರ್ಯನೂ ನಮ್ಮ ಬೆನ್ನಿಗಿದ್ದರೆ ಅವು ತಾವಾಗಿಯೇ ಮುಖ ಕೊಟ್ಟು ಬರುತ್ತವೆ. ಬಿಳಿ ಆಕಾಶದ ಎದುರು ಕಪ್ಪಾಗಿ ಕಾಣುತ್ತವೆ, ಅದಕ್ಕೆ ಎಕ್ಸ್‌ಪೋಷರ್, ಅಂದರೆ ಫೋಟೋಕ್ಕೆ ಬಿಡುವ ಬೆಳಕು, ಸ್ವಲ್ಪ ಏರಿಸಬೇಕು, ಅಷ್ಟೇ. ಅಭ್ಯಾಸಕ್ಕೆ ಮಾಗಡಿಯೇ ಆಗಬೇಕೆಂದಿಲ್ಲ. ಹುಬ್ಬಳ್ಳಿಯ ಆಕಾಶದಲ್ಲಿ ಹದ್ದುಗಳಿಗೆ ಬರವೇ? ರೆಕ್ಕೆ ಬಡಿಯದೆ, ಒಂದೇ ಕಡೆ ಸುತ್ತು ಹಾಕುತ್ತ, ಕಲಿಯುವವರಿಗೆಂದೇ ಇಳಿದು ಬರುತ್ತವೆ. ಕ್ಯಾಮೆರಾವನ್ನು ಹಕ್ಕಿಯ ಜೊತೆ ಒಂದೇ ಸಮನೆ ತಿರುಗಿಸುವುದು ಅಲ್ಲೇ ಕೈಗೆ ಹತ್ತುತ್ತದೆ. ಆದರೆ ಹದ್ದಿಗೆ ಲೈಕ್ ಬೀಳುವುದಿಲ್ಲ. ಮಟನ್ ಮಾರ್ಕೆಟ್ ಮೇಲಿನ ಹಕ್ಕಿಯನ್ನು ಸ್ಟೇಟಸ್ಸಿಗೆ ಯಾರು ಹಾಕುತ್ತಾರೆ? ಮಂಗೋಲಿಯಾದ ಬಾಲ ಆದರೂ ಪರವಾಗಿಲ್ಲ, ಊರಿನ ಮುಖ ಬೇಡ.

ಮಾಗಡಿ ಕೆರೆ ರಾಮ್ಸರ್ ತಾಣವೆಂದು 2024ರಲ್ಲಿ ಘೋಷಣೆಯಾಯಿತು. ಅಂದರೆ ಜಗತ್ತೇ ಮಾನ್ಯ ಮಾಡಿದ ಜೌಗುಪ್ರದೇಶ. ಇಂಥ ಗೌರವ ಸಿಕ್ಕಿತೆಂದರೆ ನಮ್ಮಲ್ಲಿ ಫ್ಲೆಕ್ಸ್ ಹಾಕದೆ ಇರಲಾಗದು. ಮುಂದಿನ ಫ್ಲೆಕ್ಸ್ ಹೇಗಿರುತ್ತದೆ ಅಂತ ಈಗಲೇ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಮೇಲೆ ಹನ್ನೆರಡು ಮುಖಂಡರು, ಕೆಳಗೆ ಮೂಲೆಯಲ್ಲಿ ಒಂದು ಹಕ್ಕಿ. ಆ ಹಕ್ಕಿ ಫ್ಲೆಮಿಂಗೊ ಆಗಿರುತ್ತದೆ. ಯಾಕೆಂದರೆ ನಮ್ಮವರು ತೆಗೆದ ಹೆಬ್ಬಾತುಗಳಲ್ಲೆಲ್ಲ ಬಾಲವೇ ಇದೆ, ಬಾಲ ಹಾಕಿ ಸ್ವಾಗತ ಕೋರಲು ಬರುವುದಿಲ್ಲ. ಇನ್ನು ಸಭೆಯಲ್ಲಿ "ಹಕ್ಕಿಗಳಿಗೆ ತೊಂದರೆ ಆಗದಂತೆ ಮೌನ ಕಾಪಾಡಿ" ಎಂದು ಮೂರು ಊರಿಗೆ ಕೇಳುವ ಮೈಕಿನಲ್ಲಿ ಹೇಳುತ್ತಾರೆ.

ನನ್ನದೊಂದು ಸಲಹೆ ಇದೆ. ಹವ್ಯಾಸಿಗಳೆಲ್ಲ ಸೇರಿ ಜಿಲ್ಲಾಧಿಕಾರಿಗಳಿಗೆ ಒಂದು ಮನವಿ ಕೊಡಲಿ. ನವೆಂಬರಿನಿಂದ ಫೆಬ್ರುವರಿವರೆಗೆ ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಹೆಬ್ಬಾತುಗಳು ಪೂರ್ವದಿಂದ ಪಶ್ಚಿಮಕ್ಕೆ, ನಿಧಾನವಾಗಿ, ಕ್ಯಾಮೆರಾ ಕಡೆ ನೋಡುತ್ತ ಹಾರತಕ್ಕದ್ದು. ಊಟದ ನಂತರ ಬರುವವರಿಗೆ ಮೂರು ಗಂಟೆಗೆ ಇನ್ನೊಂದು ಟ್ರಿಪ್. ಕಲ್ಲಿನ ಖರ್ಚೂ ಉಳಿಯುತ್ತದೆ.

ಕೆರೆ ಪಕ್ಕದ ಹೊಲದ ಕಾಕಾ ಒಬ್ಬರು ಬದುವಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಕಲ್ಲು ಒಗೆಸಿದವರನ್ನು ಕರೆದು ಕೇಳಿದರು, "ಸಾಹೇಬ್ರ, ಆ ಹಕ್ಕಿ ನಿಮಗ ಸಾಲ ಏನರ ಕೊಡಬೇಕೇನ್ರಿ? ಹಿಂಗ್ಯಾಕ ಬೆನ್ನ ಹತ್ತೀರಿ?"

"ಹಾರೋ ಫೋಟೋ ಬೇಕಾಗೈತಿ ಕಾಕಾ."

"ಅಷ್ಟ ಹೌದಲ್ಲ? ನಸುಕಿನ್ಯಾಗ ಐದಕ್ಕ ನನ್ನ ಹೊಲಕ್ಕ ಬರ್ರಿ. ಬೆಳಿ ತಿನ್ನಾಕ ಹಿಂಡಿಗೆ ಹಿಂಡ ಬರತಾವು, ತಲಿ ಮ್ಯಾಲಿಂದನ ಹೊಕ್ಕಾವು. ನಿಮ್ಮ ಫೋಟೋನೂ ಆತು, ನನ್ನ ಹೊಲ ಕಾದಂಗೂ ಆತು. ಚಹಾ ನಾನ ಕೊಡ್ತೀನಿ."

ಸಾಹೇಬರು ಲೆನ್ಸಿಗೆ ಮುಚ್ಚಳ ಹಾಕುತ್ತ ಕೇಳಿದರು, "ಐದಂದ್ರ... ಸಂಜಿ ಐದಲ್ಲ?"