ಮನೆ ಕೊಟ್ಟವರ ಕೈಗೆ ಏನು ಕೊಡೋದು?

ಪ್ರತಿಮೆ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಕೈಗೆ. ಅಂಬೇಡ್ಕರ್ ಕೈಯಲ್ಲಿ ಸಂವಿಧಾನ, ಗಾಂಧಿ ಕೈಯಲ್ಲಿ ಕೋಲು, ರಾಜರಾದರೆ ಕತ್ತಿ. ನಮ್ಮ ಕೆಳದಿಯ ಶಿವಪ್ಪ ನಾಯಕ ಹೆಸರಾಗಿದ್ದು ಜಮೀನಿನ ಗುಣ ನೋಡಿ ಕಂದಾಯ ಗೊತ್ತು ಮಾಡಿದ 'ಶಿಸ್ತು' ಪದ್ಧತಿಗೆ. ಹಾಗಂತ ಅವನಿಗೆ ಅಳತೆಗೋಲು ಹಿಡಿಸುವ ಧೈರ್ಯ ಯಾರಿಗಿದೆ ಹೇಳಿ!

ಸರಿ, ಬಡವರಿಗೆ ಮನೆ ಕೊಟ್ಟವರ ಪ್ರತಿಮೆ ಮಾಡಿದರೆ? ಇದು ತಲೆಗೆ ಹೊಕ್ಕಿದ್ದು ಮೊನ್ನೆ ಸೊರಬದ ಕಡೆ ದೊಡ್ಡಮ್ಮನ ಮನೆಗೆ ಹೋದಾಗ. ಅದು ಆಶ್ರಯ ಮನೆ. ಪಕ್ಕದ ಕುಬಟೂರಿನ ಬಂಗಾರಪ್ಪ 1990ರಿಂದ 92ರವರೆಗೆ ಮುಖ್ಯಮಂತ್ರಿ ಆಗಿದ್ದಾಗ ತಂದ ಯೋಜನೆ. ಅದಕ್ಕೂ ಮೊದಲು, ದೇವರಾಜ ಅರಸರ ಕಾಲದಲ್ಲಿ ಕಟ್ಟಿದವು ಜನತಾ ಮನೆ. ಊರಲ್ಲಿ ಈಗಲೂ ಯಾವ ಕೇರಿ ಅಂದರೆ 'ಜನತಾ ಮನೆ ಹತ್ರ', 'ಆಶ್ರಯದ ಹಿಂದೆ' ಅಂತಲೇ ಗುರುತು ಹೇಳುತ್ತಾರೆ.

ಕೈಗೆ ಬೀಗದ ಕೈ ಕೊಟ್ಟರೆ ದೂರದಿಂದ ಬೀಗ ರಿಪೇರಿಯವರ ಹಾಗೆ ಕಾಣುತ್ತಾರೆ. ಹಕ್ಕುಪತ್ರ ಹಿಡಿಸಿದರೆ, ಪಾಪ, ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಅಲೆಯುತ್ತಿರುವವರ ಹಾಗೆ. ಕಾಲಬುಡದಲ್ಲಿ ಪುಟ್ಟ ಮನೆ ಮಾಡಿಟ್ಟರೆ ವಾರದೊಳಗೆ ಯಾರೋ ಅದಕ್ಕೆ ಕುಂಕುಮ ಹಚ್ಚಿರುತ್ತಾರೆ. ಬಂಗಾರಪ್ಪನವರಿಗೆ ಬ್ಯಾಡ್ಮಿಂಟನ್ ಅಂದರೆ ಪ್ರಾಣ, ರಾಕೆಟ್ಟೇ ಕೊಟ್ಟರಾಯ್ತು ಅಂದರೆ ಈಗಿನ ಹುಡುಗರು 'ಯಾವ ಒಲಿಂಪಿಕ್ಸು?' ಅಂತ ಕೇಳಿಯಾರು.

ದೊಡ್ಡಮ್ಮನ ಹತ್ತಿರ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತಾ ತಲೆಯೆತ್ತದೆ, "ಕೈ ಸುದ್ದಿ ಆಮೇಲೆ, ಮೊದ್ಲು ತಲೆ ಮೇಲೊಂದು ಸೂರು ಮಾಡ್ಸಿ ಮಾರಾಯ" ಅಂದರು. ಹೌದಲ್ವಾ! ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಗೋಡೆಗೆ ತಟ್ಟಿ ಕಟ್ಟುತ್ತೇವೆ, ಕಟ್ಟಿಗೆ ರಾಶಿಗೂ ಪ್ಲಾಸ್ಟಿಕ್ ಹೊದಿಸುತ್ತೇವೆ, ಊರಿಗೆಲ್ಲ ಸೂರು ಕೊಟ್ಟವರನ್ನು ಮಾತ್ರ ಸರ್ಕಲ್ಲಿನಲ್ಲಿ ನಾಲ್ಕು ತಿಂಗಳು ನೆನೆಯಲು ಬಿಟ್ಟು, ಹೆಗಲ ಮೇಲೆ ಪಾಚಿ ಬೆಳೆದ ಮೇಲೆ ಜಯಂತಿಯ ಹಿಂದಿನ ದಿನ ಬ್ರಷ್ ಹಾಕಿ ತಿಕ್ಕುತ್ತೇವೆ.

ಅಷ್ಟರಲ್ಲಿ ಅಡಿಗೆಮನೆಯಲ್ಲಿ ಟಪ್ ಟಪ್ ಸದ್ದು. ಬೆಳಿಗ್ಗೆ ಮಂಗ ಹಾರಿ ಹೆಂಚು ಸರಿದಿತ್ತಂತೆ. ಏಣಿ ಬಂತು, ಹತ್ತುವ ಕೆಲಸ ನನಗೇ ಬಂತು. ಒಡೆದದ್ದನ್ನು ತೆಗೆದು ಹೊಸ ಹೆಂಚು ಹಿಡಿದು ನಿಂತೆ. ಎದುರಿಗೆ ಸಾಲು ಸಾಲು ಆಶ್ರಯ ಮನೆ, ಒಂದಕ್ಕೆ ತಾರಸಿ ಬಂದಿದೆ, ಇನ್ನೊಂದಕ್ಕೆ ಶೀಟು, ಮತ್ತೊಂದರ ಜಗಲಿಯಲ್ಲಿ ಸೈಕಲ್ಲು.

"ಏಯ್, ಪ್ರತಿಮೆ ತರ ನಿಂತ್ಕಬ್ಯಾಡ, ಮಳೆ ಒಳಗೆ ಬರ್ತಿದೆ!" ಕೆಳಗಿನಿಂದ ದೊಡ್ಡಮ್ಮ.