ತಿದ್ದಿದವರ ಎದುರು ಕುಳಿತು

ಜರ್ಮನಿಯ ಸಾರ್ವಜನಿಕ ವಿಶ್ವವಿದ್ಯಾಲಯವೊಂದರಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿಗೆ ಸೇರಿದ ನನ್ನನ್ನು ಮೊದಲ ಸೆಮಿಸ್ಟರಿನ ಫಲಿತಾಂಶಕ್ಕಿಂತ ಹೆಚ್ಚು ತಬ್ಬಿಬ್ಬುಗೊಳಿಸಿದ್ದು ಅದರ ಕೆಳಗಿದ್ದ ಒಂದು ಸೂಚನೆ. ತಿದ್ದಿದ ಉತ್ತರಪತ್ರಿಕೆಯನ್ನು ನೋಡಬಯಸುವವರು ಇಂಥ ದಿನ, ಇಂಥ ಕೊಠಡಿಗೆ ಗುರುತಿನ ಚೀಟಿ ಹಿಡಿದು ಬರಬಹುದು ಎಂದಿತ್ತು. ಶುಲ್ಕದ ಮಾತಿರಲಿಲ್ಲ, ಚಲನ್ ಕಟ್ಟುವ ಗೋಜೂ ಇರಲಿಲ್ಲ. ಐನ್‌ಸಿಷ್ಟ್ ಎಂದು ಕರೆಯುವ ಈ ಪದ್ಧತಿ ಇಲ್ಲಿನವರಿಗೆ ತೀರಾ ಸಾಮಾನ್ಯ.

ಕೊಠಡಿಯಲ್ಲಿ ಪತ್ರಿಕೆಯ ಪಕ್ಕದಲ್ಲೇ ಮಾದರಿ ಉತ್ತರ ಮತ್ತು ಯಾವ ಹಂತಕ್ಕೆ ಎಷ್ಟು ಅಂಕವೆಂಬ ಪಟ್ಟಿ ಇಟ್ಟಿದ್ದರು. ತಿದ್ದಿದ ಸಹಾಯಕರು ಎದುರಿಗೇ ಕುಳಿತಿದ್ದರು. ಒಂದು ಲೆಕ್ಕವನ್ನು ನಾನು ಮಾದರಿಗಿಂತ ಬೇರೆ ದಾರಿಯಲ್ಲಿ ಬಿಡಿಸಿದ್ದೆ; ಅಂಕ ಕಡಿತಗೊಂಡದ್ದೇಕೆಂದು ಕೇಳಿದಾಗ ಅವರು ಮೊದಲ ಸಾಲಿನಿಂದ ಮತ್ತೆ ಓದಿ, ಪೆನ್ನು ತೆಗೆದು ಅಂಕ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದರು. 2.3 ಇದ್ದ ಶ್ರೇಣಿ 2.0 ಆಯಿತು (ಇಲ್ಲಿ 1.0 ಅತ್ಯುತ್ತಮ, 4.0 ತೇರ್ಗಡೆಯ ಕೊನೆಯ ಗೆರೆ). ಇನ್ನೊಂದು ಪ್ರಶ್ನೆಯಲ್ಲಿ ನನ್ನ ವಾದವನ್ನು ಅವರು ಒಪ್ಪಲಿಲ್ಲ, ಆದರೆ ಏಕೆ ಒಪ್ಪುವುದಿಲ್ಲವೆಂದು ಬಿಡಿಸಿ ಹೇಳಿದರು. ನನಗೆ ಹೆಚ್ಚು ಹಿಡಿಸಿದ್ದು ಆ ನಿರಾಕರಣೆಯೇ.

ಊರಿನಲ್ಲಿ ಓದುವಾಗ ಪರೀಕ್ಷಾ ಕೊಠಡಿಯಿಂದ ಹೊರಬಿದ್ದ ಉತ್ತರಪತ್ರಿಕೆಗೂ ನಮಗೂ ಸಂಬಂಧ ಅಲ್ಲಿಗೇ ಮುಗಿಯುತ್ತಿತ್ತು. ನಕಲು ಪ್ರತಿಗೆ ಒಂದು ಶುಲ್ಕ, ಮರುಮೌಲ್ಯಮಾಪನಕ್ಕೆ ಇನ್ನೊಂದು. ಅದರ ಫಲಿತಾಂಶ ಬರುವಷ್ಟರಲ್ಲಿ ಮುಂದಿನ ಪರೀಕ್ಷೆಗೆ ಅರ್ಜಿ ಹಾಕುವ ದಿನ ಮುಗಿಯುತ್ತಿದ್ದುದರಿಂದ, ಯಾವುದಕ್ಕೂ ಇರಲಿ ಎಂದು ಅದಕ್ಕೂ ಹಣ ಕಟ್ಟಿರಬೇಕಿತ್ತು. ಕೊನೆಗೆ ಸಿಗುತ್ತಿದ್ದ ಉತ್ತರ ‘ಬದಲಾವಣೆ ಇಲ್ಲ’ ಎಂಬುದಷ್ಟೇ. ತಿದ್ದಿದ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರ ವಿದ್ಯಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ ಸಿಬಿಎಸ್‌ಇ ಪ್ರಕರಣದಲ್ಲಿ 2011ರಲ್ಲೇ ಹೇಳಿದೆ. ಹಕ್ಕೇನೋ ಸಿಕ್ಕಿತು, ಆದರೆ ತಿದ್ದಿದವರ ಜೊತೆ ಮಾತನಾಡುವ ಅವಕಾಶ ಅದರೊಂದಿಗೆ ಬರಲಿಲ್ಲ.

ಲಕ್ಷಗಟ್ಟಲೆ ಪತ್ರಿಕೆಗಳಿರುವಲ್ಲಿ ಇದೆಲ್ಲ ಆಗದ ಹೋಗದ ಮಾತೆಂದು ಅನೇಕರು ಹೇಳುತ್ತಾರೆ. ಹಾಗಾದರೆ ಕಾಲೇಜಿನೊಳಗೇ ನಡೆಯುವ ಕಿರುಪರೀಕ್ಷೆಗಳ, ಅಂದರೆ ಇಂಟರ್ನಲ್ಸ್‌ನ ಕಥೆಯೇನು? ಅದರ ಉತ್ತರ ಬರೆದ ಬ್ಲೂ ಬುಕ್ಕನ್ನು ತಿದ್ದಿ ತರಗತಿಯಲ್ಲೇ ಕೈಗೆ ಕೊಡುತ್ತಿದ್ದರು. ಅರ್ಧ ಅಂಕಕ್ಕಾಗಿ ನಾವು ಮೇಜಿನ ಸುತ್ತ ಮುಗಿಬೀಳುತ್ತಿದ್ದೆವು. ಮೇಷ್ಟ್ರು ಗೊಣಗುತ್ತಲೇ ಕೂಡಿಸಿ ನೋಡುತ್ತಿದ್ದರು. ಪದ್ಧತಿ ನಮಗೆ ಗೊತ್ತಿಲ್ಲದ್ದೇನಲ್ಲ, ಪದವಿಯನ್ನು ನಿರ್ಧರಿಸುವ ಪರೀಕ್ಷೆಗೆ ಅದನ್ನು ಒಯ್ಯುವ ಮನಸ್ಸಿಲ್ಲ ಅಷ್ಟೆ.

ಹೀಗೆಂದು ಈ ದೇಶದ ವ್ಯವಸ್ಥೆಯನ್ನು ಪೂರ್ತಿ ಹೊಗಳಲೂ ನನಗೆ ಮನಸ್ಸೊಪ್ಪುತ್ತಿಲ್ಲ. ಅನೇಕ ವಿಭಾಗಗಳಲ್ಲಿ ಒಂದು ಪರೀಕ್ಷೆಗೆ ಸಿಗುವುದು ಮೂರೇ ಅವಕಾಶ. ಕಡ್ಡಾಯ ವಿಷಯವೊಂದರಲ್ಲಿ ಮೂರನೆಯ ಸಲವೂ ಬಿದ್ದರೆ ಹೆಸರು ತೆಗೆದುಹಾಕುತ್ತಾರೆ, ಅದೇ ವ್ಯಾಸಂಗವನ್ನು ದೇಶದ ಬೇರೊಂದು ವಿಶ್ವವಿದ್ಯಾಲಯದಲ್ಲಿ ಮುಂದುವರಿಸಲೂ ಸಾಮಾನ್ಯವಾಗಿ ಬಿಡುವುದಿಲ್ಲ. ಇಲ್ಲಿನ ಹುಡುಗನಾದರೆ ಬೇರೆ ವಿಷಯ ಹಿಡಿದು ಸುಧಾರಿಸಿಕೊಂಡಾನು. ವರ್ಷಕ್ಕೆ 11,904 ಯೂರೋವನ್ನು ನಿರ್ಬಂಧಿತ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಬ್ಯಾಂಕ್ ಖಾತೆ) ತೋರಿಸಿ ವೀಸಾ ಪಡೆದು ಬಂದವನಿಗೆ ಪ್ರವೇಶ ರದ್ದಾದರೆ ವಾಸದ ಪರವಾನಗಿಯೂ ಅಲುಗಾಡುತ್ತದೆ, ಏಕೆಂದರೆ ಆ ಪರವಾನಗಿ ನಿಂತಿರುವುದೇ ಓದಿನ ಮೇಲೆ.

ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ 2024 ಮತ್ತು 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆಸಿ ಉತ್ತಮ ಅಂಕವನ್ನು ಉಳಿಸಿಕೊಳ್ಳಲು ಬಿಟ್ಟದ್ದನ್ನು ನಾನೇ ಒಮ್ಮೆ ಗೇಲಿ ಮಾಡಿದ್ದುಂಟು. ಆದರೂ ಪಾಸಾಗದೆ ಉಳಿದ ವಿಷಯಗಳ ಬ್ಯಾಕ್‌ಲಾಗ್ ಹೊತ್ತುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಿ, ನಾಲ್ಕನೆಯದೋ ಐದನೆಯದೋ ಪ್ರಯತ್ನದಲ್ಲಿ ಗಣಿತ ಪಾಸು ಮಾಡಿ, ಇಂದು ನನಗಿಂತ ಒಳ್ಳೆಯ ಎಂಜಿನಿಯರುಗಳಾಗಿರುವ ಸಹಪಾಠಿಗಳು ನನಗಿದ್ದಾರೆ. ಅವರು ಇಲ್ಲಿ ಓದಿದ್ದರೆ ಆ ಪದವಿ ಅವರಿಗೆ ಸಿಗುತ್ತಿರಲಿಲ್ಲ ಎಂಬುದನ್ನು ಒಪ್ಪದೆ ವಿಧಿಯಿಲ್ಲ.