ಬರೆದುಕೊಟ್ಟ ಆಂಟಿಬಯೋಟಿಕ್ ರೋಗಿಗೆ ಪೂರ್ತಿ ತಲುಪಿತಾ?

ವಾರ್ಡಿನಲ್ಲಿ ಹೆಚ್ಚುಕಮ್ಮಿ ದಿನಾ ಕೇಳುವ ಮಾತು: "ಸಿಸ್ಟರ್, ಇನ್ನೂ ಸ್ವಲ್ಪ ಪವರ್ ಇರೋ ಆಂಟಿಬಯೋಟಿಕ್ ಹಾಕೋಕೆ ಡಾಕ್ಟರಿಗೆ ಹೇಳಿ." ಎರಡು ದಿನ ಜ್ವರ ಇಳಿಯದಿದ್ದರೆ ಸಾಕು, ಮನೆಯವರ ಕಣ್ಣೆಲ್ಲ ಔಷಧಿಯ ಹೆಸರಿನ ಮೇಲೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ಔಷಧಿ ಎಷ್ಟು ಗಂಟೆಗೆ ಹೋಯಿತು, ಎಷ್ಟು ನಿಧಾನಕ್ಕೆ ಹೋಯಿತು, ಯಾವುದರ ಜೊತೆ ಹೋಯಿತು, ಪೂರ್ತಿ ಹೋಯಿತಾ ಅಂತ ಯಾರೂ ಕೇಳುವುದಿಲ್ಲ. ಆಸ್ಪತ್ರೆ ನಡೆಸುವವರೂ ಕೇಳುವುದು ಕಡಿಮೆ. ನರ್ಸ್ ಆಗಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಔಷಧಿ ಕೆಲಸ ಮಾಡಲಿಲ್ಲ ಅಂತ ನಾವು ಅದನ್ನು ಬದಲಾಯಿಸುವಾಗ, ಎಷ್ಟೋ ಸಲ ಅದನ್ನು ಕೊಟ್ಟ ರೀತಿಯನ್ನು ನೋಡಿರುವುದೇ ಇಲ್ಲ.

ಮೊದಲ ಡೋಸ್ ವಿಷಯವನ್ನೇ ತಗೊಳ್ಳಿ. ಸೋಂಕು ಮೈಯೆಲ್ಲ ಹರಡಿ ಬಿಪಿ ಬೀಳುತ್ತಿರುವ ರೋಗಿಗೆ, ಅದು ಗೊತ್ತಾದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು. ಆ ಒಂದು ಗಂಟೆಯಲ್ಲಿ ಎಷ್ಟು ಕೆಲಸ ನೋಡಿ. ಕ್ಯಾನುಲಾ, ಅಂದರೆ ನರದೊಳಗೆ ಔಷಧಿ ಬಿಡುವ ಸಣ್ಣ ನಳಿಕೆ ಹಾಕಬೇಕು. ಔಷಧಿ ಹೋಗುವ ಮೊದಲೇ ಬ್ಲಡ್ ಕಲ್ಚರ್‌ಗೆ, ಅಂದರೆ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತ ತೆಗೆಯಬೇಕು. ಅದೂ ಎರಡು ಬೇರೆ ಬೇರೆ ಜಾಗದಿಂದ, ದೊಡ್ಡವರಿಗಾದರೆ ಒಂದೊಂದು ಬಾಟಲಿಗೆ 8ರಿಂದ 10 ಎಂಎಲ್ ರಕ್ತ. "ಇಷ್ಟೊಂದು ರಕ್ತ ಯಾಕೆ ತೆಗೀತೀರಾ?" ಅಂತ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಕಮ್ಮಿ ರಕ್ತ ಹಾಕಿದರೆ ಬ್ಯಾಕ್ಟೀರಿಯಾ ಸಿಗುವುದು ಕಷ್ಟ. ಔಷಧಿ ಹೋದ ಮೇಲೆ ತೆಗೆದರೆ ಇನ್ನೂ ಕಷ್ಟ. ಆಮೇಲೆ ಏನೂ ಬೆಳೆದಿಲ್ಲ ಅಂತ ರಿಪೋರ್ಟ್ ಬರುತ್ತದೆ, ಯಾವ ಔಷಧಿ ನಿಲ್ಲಿಸಬಹುದು ಅಂತ ಡಾಕ್ಟರಿಗೂ ಗೊತ್ತಾಗದೆ ಎಲ್ಲವೂ ಮುಂದುವರಿಯುತ್ತವೆ.

ಇಷ್ಟೆಲ್ಲ ಆಗುವಾಗ ಔಷಧಿ ಎಲ್ಲಿರುತ್ತದೆ? ಬಹಳ ಕಡೆ ಕೆಳಗಿನ ಮೆಡಿಕಲ್‌ನಲ್ಲಿ. ರೋಗಿಯ ಮಗನೋ ತಮ್ಮನೋ ಚೀಟಿ ಹಿಡಿದು ಕ್ಯೂನಲ್ಲಿ ನಿಂತಿರುತ್ತಾನೆ. ಕೇಸ್ ಶೀಟ್‌ನಲ್ಲಿ 'ಸ್ಟ್ಯಾಟ್' ಅಂತ ಬರೆದಾಗಿದೆ, ಅಂದರೆ ಈಗಲೇ ಕೊಡಿ ಅಂತ. ಆದರೆ ಔಷಧಿಯ ಪುಟ್ಟ ಸೀಸೆ, ವಯಲ್, ನನ್ನ ಕೈಗೆ ಬಂದಿಲ್ಲ. ತುರ್ತು ಆಂಟಿಬಯೋಟಿಕ್‌ಗಳ ಮೊದಲ ಡೋಸ್ ವಾರ್ಡಿನ ಕಪಾಟಿನಲ್ಲೇ ಇರಬೇಕು, ಬಿಲ್ ಆಮೇಲೆ ಆಗಲಿ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ಒಂದು ಕಪಾಟು ಮತ್ತು ಒಂದು ರಿಜಿಸ್ಟರ್ ಸಾಕು.

ಇನ್ನು ಹೊತ್ತಿನ ಮಾತು. ಎಲ್ಲ ಆಂಟಿಬಯೋಟಿಕ್‌ಗಳೂ ಒಂದೇ ರೀತಿ ಕೊಲ್ಲುವುದಿಲ್ಲ. ಪೆನಿಸಿಲಿನ್, ಸೆಫಲೋಸ್ಪೋರಿನ್, ಮೆರೊಪೆನೆಮ್ ಇವೆಲ್ಲ ಬೀಟಾ ಲ್ಯಾಕ್ಟಮ್ ಗುಂಪಿನವು. ಬ್ಯಾಕ್ಟೀರಿಯಾ ತನ್ನ ಸುತ್ತ ಕಟ್ಟಿಕೊಳ್ಳುವ ಗೋಡೆಯನ್ನು ಕಟ್ಟಲು ಬಿಡದಿರುವುದು ಇವುಗಳ ಕೆಲಸ. ಅದಕ್ಕೆ ರಕ್ತದಲ್ಲಿ ಒಂದು ಮಟ್ಟಕ್ಕಿಂತ ಮೇಲೆ ಜಾಸ್ತಿ ಹೊತ್ತು ಇರಬೇಕು. ಒಮ್ಮೆಲೇ ಜಾಸ್ತಿ ಕೊಟ್ಟರೆ ಅಷ್ಟೇನೂ ಲಾಭವಿಲ್ಲ. ಅದಕ್ಕೇ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಅನ್ನು ತೀರಾ ಹುಷಾರಿಲ್ಲದವರಿಗೆ ಎಷ್ಟೋ ಕಡೆ 4 ಗಂಟೆ ನಿಧಾನಕ್ಕೆ ಬಿಡುತ್ತಾರೆ. ಅಮಿಕಾಸಿನ್, ಜೆಂಟಾಮೈಸಿನ್ ಗುಂಪು ಇದಕ್ಕೆ ಉಲ್ಟಾ. ರಕ್ತದಲ್ಲಿ ಒಮ್ಮೆ ಚೆನ್ನಾಗಿ ಮೇಲೇರಬೇಕು, ಆಮೇಲೆ ಇಳಿಯಬೇಕು. ಇಳಿಯದಿದ್ದರೆ ಕಿಡ್ನಿಗೂ ಕಿವಿಗೂ ಪೆಟ್ಟು. ಅದಕ್ಕೇ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ.

ಇದು ಗೊತ್ತಿದ್ದರೆ ಟ್ರೀಟ್‌ಮೆಂಟ್ ಶೀಟ್ ನೋಡುವ ಕಣ್ಣೇ ಬದಲಾಗುತ್ತದೆ. 8 ಗಂಟೆಗೊಮ್ಮೆ ಅಂದರೆ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ತಿಂಡಿ, ಊಟ, ಊಟ ಅಲ್ಲ. ರೋಗಿಯನ್ನು 2 ಗಂಟೆಗೆ ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗಿ 5 ಗಂಟೆಗೆ ವಾಪಸ್ ತಂದರೆ ಮೆರೊಪೆನೆಮ್ ಮೂರು ಗಂಟೆ ತಡ. ಆ ಮೂರು ಗಂಟೆ ರಕ್ತದಲ್ಲಿ ಔಷಧಿ ಸಾಲದೆ ಬ್ಯಾಕ್ಟೀರಿಯಾ ಮತ್ತೆ ತಲೆ ಎತ್ತಬಹುದು. ಚಾರ್ಟ್‌ನಲ್ಲಿ ಮಾತ್ರ ಟಿಕ್ ಬಿದ್ದಿರುತ್ತದೆ. ಕಿರಿಯ ಸಿಸ್ಟರ್‌ಗಳಿಗೆ ನಾನು ಯಾವಾಗಲೂ ಹೇಳುವುದು: ಟಿಕ್ ಹಾಕಬೇಡಿ, ಕೊಟ್ಟ ನಿಜವಾದ ಟೈಮ್ ಬರೆಯಿರಿ. ತಡವಾಗಿದ್ದರೆ ತಡ ಅಂತಲೇ ಬರೆಯಿರಿ. ಅಮಿಕಾಸಿನ್ ಹೋಗುತ್ತಿದ್ದರೆ ಮೂತ್ರ ಎಷ್ಟು ಬಂತು, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ ನೋಡಿ. "ಕಿವಿಯಲ್ಲಿ ಗುಂಯ್ ಅನ್ನುತ್ತಾ ಅಜ್ಜ? ಎದ್ದರೆ ತಲೆ ತಿರುಗುತ್ತಾ?" ಅಂತ ಕೇಳಿ. ವಯಸ್ಸಾದವರು ತಾವಾಗಿ ಹೇಳಲ್ಲ, ವಯಸ್ಸಿನದ್ದು ಅಂದುಕೊಂಡು ಸುಮ್ಮನಿರುತ್ತಾರೆ.

ಈಗ ಮನೆಯವರಿಗೆ ಒಂದು ಮಾತು. ಡ್ರಿಪ್ ಸೆಟ್‌ನಲ್ಲಿ ಒಂದು ಪುಟ್ಟ ಚಕ್ರ ಇರುತ್ತದಲ್ವಾ, ಮೇಲೆ ತಿರುಗಿಸಿದರೆ ಹನಿ ಜೋರಾಗುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ವ್ಯಾಂಕೊಮೈಸಿನ್ 1 ಗ್ರಾಂ ಅನ್ನು ಕನಿಷ್ಠ 200 ಎಂಎಲ್‌ನಲ್ಲಿ ಬೆರೆಸಿ, ಒಂದು ಗಂಟೆಗೆ ಕಮ್ಮಿ ಇಲ್ಲದಂತೆ ಬಿಡಬೇಕು. ನಾವು ಗಡಿಯಾರ ನೋಡಿ ಹನಿ ಎಣಿಸಿ, ನಿಮಿಷಕ್ಕೆ ಅರವತ್ತೈದರ ಆಸುಪಾಸಿಗೆ ನಿಲ್ಲಿಸಿ ಪಕ್ಕದ ಬೆಡ್‌ಗೆ ಹೋಗಿರುತ್ತೇವೆ. ಅಷ್ಟರಲ್ಲಿ ಯಾರೋ ಪಾಪ, ಬೇಗ ಮುಗಿಯಲಿ, ಅಮ್ಮ ಬಾತ್‌ರೂಮಿಗೆ ಹೋಗಬೇಕು ಅಂತ ಚಕ್ರ ತಿರುಗಿಸುತ್ತಾರೆ. ಸ್ವಲ್ಪ ಹೊತ್ತಿಗೆ ಅಮ್ಮನ ಮುಖ, ಕತ್ತು, ಎದೆ ಎಲ್ಲ ಕೆಂಪು. ಮೈಯೆಲ್ಲ ತುರಿಕೆ. ಕೆಲವರಿಗೆ ಬಿಪಿಯೂ ಇಳಿಯುತ್ತದೆ. ಇದು ಬಹುಪಾಲು ಅಲರ್ಜಿ ಅಲ್ಲ, ಔಷಧಿ ಜೋರಾಗಿ ಹೋಗಿದ್ದಕ್ಕೆ ಆಗುವ ತೊಂದರೆ. ನಿಲ್ಲಿಸಿ, ಡಾಕ್ಟರಿಗೆ ತೋರಿಸಿ, ಮತ್ತೆ ನಿಧಾನಕ್ಕೆ ಬಿಟ್ಟರೆ ಸಾಮಾನ್ಯವಾಗಿ ಒಗ್ಗುತ್ತದೆ. ಆದರೆ ಯಾರಾದರೂ ಅವಸರದಲ್ಲಿ ಫೈಲಿನ ಮೇಲೆ 'ವ್ಯಾಂಕೊಮೈಸಿನ್ ಅಲರ್ಜಿ' ಅಂತ ಕೆಂಪು ಇಂಕಿನಲ್ಲಿ ಬರೆದುಬಿಟ್ಟರೆ, ಮುಂದೆ ಅದೇ ಔಷಧಿ ಬೇಕಾದ ದಿನ ಅವರಿಗೆ ಸಿಗುವುದಿಲ್ಲ.

ಬಾಟಲಿ ಖಾಲಿಯಾಯಿತು ಅಂದರೂ ಔಷಧಿ ಮುಗಿದಿರುವುದಿಲ್ಲ. 100 ಎಂಎಲ್ ಎನ್‌ಎಸ್‌ನಲ್ಲಿ (ನಾರ್ಮಲ್ ಸಲೈನ್, ಡ್ರಿಪ್‌ನ ಉಪ್ಪುನೀರು) ಆಂಟಿಬಯೋಟಿಕ್ ಬೆರೆಸಿ ಬಿಟ್ಟರೆ, ಕೊನೆಗೆ ಹತ್ತು ಹದಿನೈದು ಎಂಎಲ್ ಆ ಉದ್ದದ ಟ್ಯೂಬಿನಲ್ಲೇ ಉಳಿದಿರುತ್ತದೆ. ಲೆಕ್ಕ ಹಾಕಿ, ಡೋಸಿನ ಹತ್ತರಲ್ಲಿ ಒಂದು ಪಾಲು! ಸೆಟ್ ಕಿತ್ತು ಬಿಸಾಕಿದರೆ ಅದೂ ಕಸಕ್ಕೆ. ದಿನಕ್ಕೆ ಮೂರು ಡೋಸ್, ಏಳು ದಿನ. ಸ್ವಲ್ಪ ಎನ್‌ಎಸ್ ಬಿಟ್ಟು ಟ್ಯೂಬನ್ನು ತೊಳೆದ ಹಾಗೆ ಪೂರ್ತಿ ಒಳಗೆ ಕಳಿಸಬೇಕು. ಇದನ್ನು ಯಾರೂ ಮೆಚ್ಚುವುದಿಲ್ಲ, ಯಾರಿಗೂ ಕಾಣುವುದೂ ಇಲ್ಲ. ಒಳ್ಳೆ ನರ್ಸಿಂಗ್ ಅಂದರೆ ನನ್ನ ಮಟ್ಟಿಗೆ ಇಂಥದ್ದೇ.

ಯಾವುದರ ಜೊತೆ ಯಾವುದು ಹೋಗಬಾರದು ಅನ್ನುವುದೂ ನಮ್ಮ ತಲೆಯಲ್ಲಿರಬೇಕು. ಸೆಫ್ಟ್ರಿಯಾಕ್ಸೋನ್ ಇವತ್ತು ಎಲ್ಲ ಕಡೆ ಮೊದಲು ಕೈಗೆ ಸಿಗುವ ಇಂಜೆಕ್ಷನ್. ಅದು ಕ್ಯಾಲ್ಸಿಯಂ ಜೊತೆ ಸೇರಿದರೆ ಹರಳುಗಟ್ಟುತ್ತದೆ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಅನ್ನುವ ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಇದೆ. ಹಾಗಾಗಿ ಆರ್‌ಎಲ್ ಹೋಗುತ್ತಿರುವ ಲೈನಿಗೇ ಚುಚ್ಚುವ ಹಾಗಿಲ್ಲ. ನಿಲ್ಲಿಸಿ, ಎನ್‌ಎಸ್‌ನಿಂದ ಫ್ಲಶ್ ಮಾಡಿ, ಆಮೇಲೆ ಕೊಡಬೇಕು. ಹಸುಗೂಸುಗಳಿಗಂತೂ ನರಕ್ಕೆ ಕ್ಯಾಲ್ಸಿಯಂ ಹೋಗುತ್ತಿದ್ದರೆ ಈ ಔಷಧಿಯೇ ಬೇಡ. ಸೊಂಟಕ್ಕೆ ಕೊಡುವಾಗ ನೋವಾಗದಿರಲಿ ಅಂತ ಲಿಗ್ನೋಕೇನ್‌ನಲ್ಲಿ ಕಲಸಿದ್ದನ್ನು ಯಾವ ಕಾರಣಕ್ಕೂ ನರಕ್ಕೆ ಕೊಡಬಾರದು. ಇನ್ನೊಂದು, ಫಿಟ್ಸ್‌ಗೆ ವ್ಯಾಲ್‌ಪ್ರೋಯೇಟ್ ತಗೊಳ್ಳುವ ರೋಗಿಗೆ ಮೆರೊಪೆನೆಮ್ ಬರೆದಿದ್ದರೆ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ರಕ್ತದಲ್ಲಿ ವ್ಯಾಲ್‌ಪ್ರೋಯೇಟ್ ಬೇಗ ಕುಸಿದು ಫಿಟ್ಸ್ ಮತ್ತೆ ಬರಬಹುದು. ಫೋನ್ ಮಾಡಿದರೆ ಬೈಯುತ್ತಾರೇನೋ ಅಂತ ಹಿಂಜರಿಯುವ ಹುಡುಗಿಯರನ್ನು ನೋಡಿದ್ದೇನೆ. ಬೈದರೆ ಬೈಯಲಿ, ಕೇಳಿ.

ಟೆಸ್ಟ್ ಡೋಸ್ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಚರ್ಮದಡಿ ಚೂರು ಔಷಧಿ ಚುಚ್ಚಿ, ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಸ್ವಲ್ಪ ಹೊತ್ತು ಬಿಟ್ಟು ಕೆಂಪಗಾಗಿಲ್ಲ ಅಂದರೆ ಎಲ್ಲ ಸರಿ ಅಂದುಕೊಳ್ಳುತ್ತೇವೆ. ಮುಂಚೆ ಯಾವ ಅಲರ್ಜಿಯೂ ಇಲ್ಲದವರಿಗೆ ಸೆಫಲೋಸ್ಪೋರಿನ್ ಕೊಡುವ ಮೊದಲು ಹೀಗೆ ಮಾಡುವುದರಿಂದ ಉಪಯೋಗ ಕಾಣೆ. ಅದು ಸುಳ್ಳು ಧೈರ್ಯ ಕೊಡುತ್ತದೆ. ಆಸ್ಪತ್ರೆಯ ನಿಯಮ ಇದ್ದರೆ ಮಾಡಲೇಬೇಕು, ಸರಿ. ಆದರೆ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಕೂತು ಕೇಳುವುದು. "ಯಾವ ಔಷಧಿ ಆಗಿ ಬರಲ್ಲ ಅಮ್ಮಾ? ತಗೊಂಡಾಗ ಏನಾಯಿತು? ಎಷ್ಟು ಹೊತ್ತಿಗೆ ಆಯಿತು?" ಬರೀ ವಾಂತಿ, ಭೇದಿ ಆಗಿದ್ದರೆ ಅದು ಅಲರ್ಜಿ ಅಲ್ಲ. ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟಿದ್ದರೆ ಅದು ಅಲರ್ಜಿ. ಪೆನಿಸಿಲಿನ್ ಅಲರ್ಜಿ ಇದೆ ಅಂತ ಹೇಳುವವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನರಿಗೆ ಸರಿಯಾಗಿ ಪರೀಕ್ಷೆ ಮಾಡಿದಾಗ ಅದು ಒಗ್ಗುತ್ತದೆ. ಆ ಹಣೆಪಟ್ಟಿಯಿಂದಾಗಿ ಅವರಿಗೆ ಸುಮ್ನೆ ಜಾಸ್ತಿ ದುಬಾರಿ, ಜಾಸ್ತಿ ಅಡ್ಡ ಪರಿಣಾಮದ ಔಷಧಿ ಹೋಗುತ್ತಿರುತ್ತದೆ. ಟೆಸ್ಟ್ ಡೋಸ್ ಏನೇ ಹೇಳಲಿ, ಜೋರು ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಟ್ರಾಲಿಯಲ್ಲಿ ಇರಲೇಬೇಕು. ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ.

ಮಾತ್ರೆಗಳ ಮಾತೂ ಇದೆ. ಸಿಪ್ರೊಫ್ಲಾಕ್ಸಾಸಿನ್ ಅನ್ನು ಹಾಲಿನ ಜೊತೆ ನುಂಗಿದರೆ ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡುಬಿಡುತ್ತದೆ, ಹೊಟ್ಟೆ ಹೀರಿಕೊಳ್ಳುವುದು ಕಮ್ಮಿಯಾಗುತ್ತದೆ. ಕಬ್ಬಿಣದ ಮಾತ್ರೆ, ಗ್ಯಾಸಿನ ಸಿರಪ್ ಜೊತೆಗೂ ಅದೇ ಕಥೆ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಕಡೆ ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಅದನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ತಕ್ಷಣ ಮಲಗಿದರೆ ಅನ್ನನಾಳದಲ್ಲೇ ಅಂಟಿ ಹುಣ್ಣಾಗುತ್ತದೆ. ಲೋಟ ತುಂಬ ನೀರು ಕುಡಿದು ಅರ್ಧ ಗಂಟೆ ಕೂತಿರಬೇಕು. ಟಿಬಿಗೆ ರಿಫಾಂಪಿಸಿನ್ ಶುರು ಮಾಡಿದವರಿಗೆ ಮೂತ್ರ ಕೇಸರಿ ಕೆಂಪಾಗುತ್ತದೆ ಅಂತ ಮೊದಲೇ ಹೇಳದಿದ್ದರೆ, ರಕ್ತ ಹೋಗುತ್ತಿದೆ ಅಂತ ಹೆದರಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಇದನ್ನೆಲ್ಲ ಡಿಸ್ಚಾರ್ಜ್ ದಿನ ಹತ್ತು ನಿಮಿಷ ಕೂತು ಹೇಳಬೇಕು. ಆ ಹತ್ತು ನಿಮಿಷ ಡ್ಯೂಟಿಯ ಲೆಕ್ಕಕ್ಕೇ ಬರುವುದಿಲ್ಲ.

2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಸತ್ತರು ಅಂತ ಅಂದಾಜಿದೆ. ಅದೇ ವರ್ಷ ನಮ್ಮ ಸರ್ಕಾರ ಕೋಳಿ, ದನಗಳ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು, ಮನುಷ್ಯರಿಗೆ ಉಳಿದಿರುವ ಕೊನೆಯ ಕೆಲವು ಔಷಧಿಗಳಲ್ಲಿ ಅದೂ ಒಂದು ಅಂತ. ಒಳ್ಳೆಯದೇ ಆಯಿತು. ಆದರೆ ಆಸ್ಪತ್ರೆಯೊಳಗೆ ಆಂಟಿಬಯೋಟಿಕ್ ಹೇಗೆ ಬಳಸಬೇಕು ಅಂತ ತೀರ್ಮಾನಿಸುವ ಸಭೆಗಳಲ್ಲಿ ವಾರ್ಡಿನ ನರ್ಸ್ ಕೂತಿರುವುದು ತೀರಾ ಅಪರೂಪ. ಮೂರನೇ ದಿನದ ರೌಂಡ್ಸ್‌ನಲ್ಲಿ "ಸರ್, ಕಲ್ಚರ್ ರಿಪೋರ್ಟ್ ಬಂದಿದೆ, ಇದನ್ನು ಮುಂದುವರಿಸಬೇಕಾ? ಇಂಜೆಕ್ಷನ್ ಬದಲು ಮಾತ್ರೆ ಮಾಡಬಹುದಾ?" ಅಂತ ಕೇಳುವ ಅಧಿಕಾರ ನಮಗೆ ಬರವಣಿಗೆಯಲ್ಲಿ ಸಿಗಬೇಕು. ಯಾವ ಡಾಕ್ಟರ್ ಒಳ್ಳೆಯವರು, ಯಾರ ಮೂಡ್ ಸರಿಯಿದೆ ಅಂತ ನೋಡಿಕೊಂಡು ಕೇಳುವ ಹಾಗಿರಬಾರದು.

ಜೊತೆಗೆ ಕೈಗಳು ಬೇಕು. ರಾತ್ರಿ ಪಾಳಿಯಲ್ಲಿ ಮೂವತ್ತು ಬೆಡ್‌ಗೆ ಒಬ್ಬರೇ ಸಿಸ್ಟರ್ ಇರುವ ವಾರ್ಡುಗಳು ನಮ್ಮಲ್ಲಿ ಎಷ್ಟಿಲ್ಲ? ಅದರಲ್ಲಿ 15 ಜನರಿಗೆ 10 ಗಂಟೆಯ ಆಂಟಿಬಯೋಟಿಕ್ ಇದೆ ಅಂದುಕೊಳ್ಳಿ. ಹೆಸರು, ಅಲರ್ಜಿ ನೋಡಿ, ವಯಲ್‌ಗೆ ನೀರು ಹಾಕಿ ಪುಡಿ ಪೂರ್ತಿ ಕರಗುವವರೆಗೆ ಅಲ್ಲಾಡಿಸಿ, ಲೋಡ್ ಮಾಡಿ, ಕ್ಯಾನುಲಾ ಜಾಗ ಊದಿದೆಯಾ ನೋಡಿ, ಫ್ಲಶ್ ಮಾಡಿ, ಹನಿ ಎಣಿಸಿ, ಟೈಮ್ ಬರೆಯಲು ಒಬ್ಬೊಬ್ಬರಿಗೆ 5 ನಿಮಿಷ ಅಂದರೂ 75 ನಿಮಿಷ. ನಡುವೆ ಒಂದು ಹೊಸ ಅಡ್ಮಿಷನ್ ಬಂದರೆ ಕೊನೆಯ ಬೆಡ್‌ಗೆ ಔಷಧಿ ತಲುಪುವಾಗ ಹನ್ನೆರಡು ಹೊಡೆದಿರುತ್ತದೆ. ಹೊಸ ಬ್ಲಾಕ್ ಕಟ್ಟುವಾಗ, ಹೊಸ ಐಸಿಯು ಉದ್ಘಾಟನೆ ಮಾಡುವಾಗ, ರಾತ್ರಿ 10ರ ಡೋಸ್ ಕೊಡಲು ಎಷ್ಟು ಜನ ಇರುತ್ತಾರೆ ಅಂತ ದಯವಿಟ್ಟು ಯಾರಾದರೂ ಕೇಳಿ.